ರಾತ್ರಿ ಪಾಳಿಯ ಪುಸ್ತಕ

ವೀಗೊ ಬಂದರಿನ ಮೇಲಿನ ಗುಡ್ಡದಲ್ಲಿ ನಮ್ಮ ಆರೈಕೆಮನೆ.
ಯಾವ ಕೋಣೆಗೂ ಒಳಚಿಲಕವಿಲ್ಲ, ನಿಯಮ.
ಬಿದ್ದರೆ? ಉಸಿರು ನಿಂತರೆ?
ಎರಡು ಗಂಟೆಗೊಮ್ಮೆ ಟಾರ್ಚು ಹಿಡಿದು
ಎಲ್ಲರ ನಿದ್ದೆ ಎಣಿಸುವವಳು ನಾನು.

ಫೆಬ್ರವರಿಯ ಒಂದು ರಾತ್ರಿ ಹನ್ನೊಂದರ ಮಂಚ ಖಾಲಿ.
ಹದಿನಾಲ್ಕರಲ್ಲಿ, ಒಬ್ಬರಿಗೇ ಸಾಲದ ಮಂಚದಲ್ಲಿ
ದೆಲ್ಮೀರಾ, ಸಾರ್ಡೀನ್ ಡಬ್ಬಿ ತುಂಬಿ ತುಂಬಿ ಬೆರಳ ತುದಿ ಸವೆದವಳು,
ಮತ್ತು ಸತುರ್ನೀನೊ,
ಹಡಗಿನ ಎಂಜಿನ್ನಿಗೆ ಎರಡೂ ಕಿವಿ ಕೊಟ್ಟವನು.
ಮೇಜಿನ ಮೇಲೆ ಎರಡು ಲೋಟ, ಎರಡು ಜೊತೆ ಹಲ್ಲು.

ನಾನು ದೀಪ ಹಾಕಿದೆ.
ಇದ್ದಬದ್ದ ದೀಪವನ್ನೆಲ್ಲ.
ಮಕ್ಕಳನ್ನು ಗದರುವ ದನಿಯಲ್ಲಿ
"ಏನಜ್ಜಾ ಇದು?" ಅಂದೆ.
ಅವನು ಹೊದಿಕೆ ಎಳೆದ, ಅವಳ ಹೆಗಲಿಗೆ, ತನಗಲ್ಲ.

ಬೆಳಿಗ್ಗೆ ಕಾಫಿ ಯಂತ್ರದ ಮುಂದೆ ನಾನೇ ಹೇಳಿ ನಗಿಸಿದೆ.
"ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ,
ಇವರಿಗೆ ಇದೊಂದು ಬಾಕಿ" ಅಂದಳು ಸಬೇಲಾ.
ಇನ್ನೊಬ್ಬಳು, "ಪಾಪ, ಎಷ್ಟು ಮುದ್ದು, ಗುಬ್ಬಿಮರಿಗಳು!"
ಅದು ಬೈಗುಳಕ್ಕಿಂತ ಚುಚ್ಚಿತು, ಯಾಕೋ.
ಪುಸ್ತಕದಲ್ಲಿ ಬರೆದೆ: ಅನುಚಿತ ವರ್ತನೆ.

ಮಗಳು ಫೋನು ಮಾಡಿದಳು. ಡಾಕ್ಟರು ಮಾತ್ರೆ ಹೆಚ್ಚಿಸಿದರು.
ಮೂರು ವಾರ ದೆಲ್ಮೀರಾ ಸೂಪಿನ ಬಟ್ಟಲ ಮುಂದೆ ತೂಕಡಿಸಿದಳು,
ಪಕ್ಕದಲ್ಲಿ ಅವನು, ಅವಳ ಚಮಚ ಹಿಡಿದು.

ಈ ಕೈಗೆ ಅವರ ಮೈಯ ಮೂಲೆಮೂಲೆಯೂ ಗೊತ್ತು:
ತೊಡೆಸಂದು, ಮೊಲೆಯಡಿಯ ಬೆವರುಸಾಲೆ,
ಒರೆಸಿ, ಪೌಡರು ಹಾಕಿ, ಮುಂದಿನ ಕೋಣೆ.
ಒಂದು ಗುರುವಾರ ಸ್ನಾನದ ಕುರ್ಚಿಯಲ್ಲಿ
ಅವಳು ತೊದಲದೆ ಅಂದಳು:
"ನೀವೆಲ್ಲ ದಿನಾ ಮುಟ್ಟುತ್ತೀರಿ.
ನಾನು ಕರೆದದ್ದು ಅವನೊಬ್ಬನನ್ನೇ."
ನೀರು ತಣ್ಣಗಾಗುತ್ತಿತ್ತು.
ನಾನು ಟವೆಲು ಹುಡುಕಿದೆ, ಅದು ನನ್ನ ಹೆಗಲ ಮೇಲೇ ಇತ್ತು.

ಮಾತ್ರೆ ಇಳಿಸಿ ಅಂತ ಡಾಕ್ಟರಿಗೆ ಹೇಳಿದೆ,
ಧೈರ್ಯದಿಂದಲ್ಲ, ಬೀಳುತ್ತಾಳೆ ಎಂಬ ನೆಪದಲ್ಲಿ.

ನಿನ್ನೆ ರಾತ್ರಿ ಎರಡಕ್ಕೆ ಟಾರ್ಚು ಆರಿಸಿ
ಹದಿನಾಲ್ಕರ ಕದ ತಟ್ಟಿದೆ.
ಆರು ವರ್ಷದಲ್ಲಿ ಮೊದಲ ಸಲ, ಯಾರದೇ ಕದ.
ಒಳಗೆ ಗುಸುಗುಸು; ಅವಳು ಅವನಿಗೆ ತಿಳಿಸಿರಬೇಕು.
ಆಮೇಲೆ ಕಿವಿಯಂತ್ರ ಕಳಚಿಟ್ಟವನ ದೊಡ್ಡ ಗಂಟಲು,
ಮೂರು ಮಹಡಿಗೂ ಕೇಳುವಂತೆ:
"ಈಗ ಬೇಡ!"

ಬರೆದೆ: ಹನ್ನೊಂದು, ಹದಿನಾಲ್ಕು, ಇಬ್ಬರೂ ಉಸಿರಾಡುತ್ತಿದ್ದಾರೆ.
'ವರ್ತನೆ' ಅನ್ನುವ ಅಂಕಣದಲ್ಲಿ ಪೆನ್ನು ನಿಂತಿತು.
ಅಷ್ಟರಲ್ಲಿ ಒಂಬತ್ತರ ಅಮಾನ್ಸಿಯೊ ಗಂಟೆ ಒತ್ತಿದ,
ಅವನಿಗೆ ನೀರು ಬೇಕಂತೆ.
ಎದ್ದು ಹೋದೆ.