ಎರಡು ಗಂಟೆಗೊಂದು ಹನಿ

ಬೆಳಿಗ್ಗೆ ಆರಕ್ಕೆ ಮುನ್ನೂರ ಎಂಬತ್ತು.
ಸಂಜೆ ಆರಕ್ಕೆ ನಾನೂರ ಹನ್ನೆರಡು.
ರೋಜಾ ಕಟ್ಟುಗಳ ಲೆಕ್ಕ ಬರೆದು ಉಳಿದ ನೋಟ್‌ಬುಕ್ಕಿನಲ್ಲಿ
ನಲವತ್ತು ಸೆಂಟಿಮೀಟರು, ಐವತ್ತು, ಅರವತ್ತು ಎಂಬ ಮನೆಗಳೊಳಗೆ
ಕೆಂಚನ ಸಕ್ಕರೆ ಬರೆಯುತ್ತೇನೆ.
ಯಾವ ಮನೆಗೂ ಹಿಡಿಯದ ಕಾಂಡ ಇದು.

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನಮ್ಮ ಹಸಿರುಮನೆ,
ಹನ್ನೊಂದು ವರ್ಷದಿಂದ ಮುಳ್ಳು ಬಿಡಿಸುವ ಕೈ ನನ್ನದು.
ಚುಚ್ಚಿಸಿಕೊಂಡು ಗೊತ್ತು, ಚುಚ್ಚಿ ಗೊತ್ತಿರಲಿಲ್ಲ.
ಮೊದಲ ದಿನ ಅವನ ಕಿವಿಯಂಚಿಗೆ ಬಿಸಿಬಟ್ಟೆ ಒತ್ತಿ,
ಬಲ್ಬಿನ ಬೆಳಕಿಗೆ ಹಿಡಿದು, ನರ ಹುಡುಕಿ,
ನನ್ನ ಹೆಬ್ಬೆರಳಿಗೇ ಚುಚ್ಚಿಕೊಂಡೆ.
ಪಟ್ಟಿ ಹಾಳಾಗಬಾರದೆಂದು ನನ್ನ ಹನಿಯನ್ನೇ ಅದಕ್ಕೆ ಕುಡಿಸಿದೆ.
ತೊಂಬತ್ತೆಂಟು.
ನನ್ನಲ್ಲಿ ಹೆಚ್ಚಿನ ಸಿಹಿಯೇನೂ ಇಲ್ಲವೆಂದು ತಿಳಿಯಲು
ಇಪ್ಪತ್ತೆರಡು ರೂಪಾಯಿ.

ಒಂದು ಯೂನಿಟ್ಟಿಗೆ ಇಳಿಯಲಿಲ್ಲ. ಎರಡಾಯಿತು.
ಮೂರು. ಮೂರೂವರೆ. ನಾಲ್ಕು.
ಅನ್ನ ನಿಲ್ಲಿಸಿದೆ, ಹಾಲು ನಿಲ್ಲಿಸಿದೆ.
ಬಿಸ್ಕತ್ತು ಹಾಕಿಲ್ಲವೆಂದು ಪಕ್ಕದ ಯಶೋದಕ್ಕ
ತೆಲುಗಿನಲ್ಲಿ ಆಣೆ ಇಟ್ಟಳು,
ಅವಳ ಮಗ ತಮಿಳಿನಲ್ಲಿ.
ಕೆಂಚ ಯಾವ ಭಾಷೆಯಲ್ಲೂ ಏನನ್ನೂ ಒಪ್ಪಿಕೊಳ್ಳಲಿಲ್ಲ.
ಬಟ್ಟಲು ನೀರು ಖಾಲಿ ಮಾಡಿ, ಬಚ್ಚಲಿಗೆ ಹೋಗಿ ಬಂದು,
ಮತ್ತೆ ಬಟ್ಟಲ ಮುಂದೆ ಕೂತ.
ಬೆನ್ನ ಮೂಳೆ ಎಣಿಸಬಹುದಿತ್ತು.

ಪ್ರೇಮಿಗಳ ದಿನಕ್ಕೆ ಇನ್ನು ಹತ್ತೇ ದಿನ, ಲಾರಿಗಟ್ಟಲೆ ಕೆಂಪು.
ನಮ್ಮ ಬೀದಿಯ ಕಂಬ ಬಿದ್ದು ಮೂರು ದಿನ ಕರೆಂಟಿಲ್ಲ.
ಔಷಧಿಯ ಬಾಟಲಿ ಟಿಫಿನ್ ಚೀಲದಲ್ಲಿ ಕಂಪನಿಗೆ ಬಂತು.
ಒಡಿಶಾದ ಝರಣಾ ಅದನ್ನು ಕಾಲುಚೀಲದಲ್ಲಿ ಸುತ್ತಿ
ಕೋಲ್ಡ್ ರೂಮಿನಲ್ಲಿ, ನಾಲ್ಕು ಡಿಗ್ರಿಯಲ್ಲಿ,
ಅರವತ್ತರ ಕಾಂಡಗಳ ಹಿಂದೆ ಬಚ್ಚಿಟ್ಟಳು.
ಸೂಪರ್‌ವೈಸರ್ ಕಂಡ. "ಏನಿದು, ಮುನಿತಾಯಿ?"
ಸಾರ್, ನಿಮ್ಮಂಥ ದೊಡ್ಡ ಮನಸ್ಸಿನವರು ಎಲ್ಲಿ ಸಿಗ್ತಾರೆ, ಎಂದು
ಪಾಕಕ್ಕೆ ಬಂದ ಬೆಲ್ಲದ ಹಾಗೆ ಮಾತಾಡಿದೆ.
ಬಸ್ಸು ಹತ್ತಿದ ಮೇಲೆ ಬಾಯೆಲ್ಲ ಕಹಿ.

ಮತ್ತಿಗಿರಿಯ ಡಾಕ್ಟರು ಇಳವರಸಿ ನೋಟ್‌ಬುಕ್ಕು ತಿರುವಿ
"ಬೆಳಿಗ್ಗೆ ಇದೆ, ಸಾಯಂಕಾಲ ಇದೆ.
ನಡುವೆ ಏನಾಗುತ್ತೆ? ರಾತ್ರಿ ಯಾರು ನೋಡಿದ್ದಾರೆ?" ಎಂದರು.
ಯಾರೂ ನೋಡಿರಲಿಲ್ಲ.

ಹಬ್ಬದ ಲಾರಿಗಳೆಲ್ಲ ಹೋದ ಶನಿವಾರ ಕೂತೆ.
ಆರಕ್ಕೆ ನಾಲ್ಕು ಯೂನಿಟ್.
ಎಂಟಕ್ಕೆ ಮುನ್ನೂರ ಮೂವತ್ತು.
ಹತ್ತಕ್ಕೆ ನೂರ ತೊಂಬತ್ತು. ಖುಷಿಗೆ ಕಾಫಿ ಕಾಸಿದೆ.
ಹನ್ನೆರಡಕ್ಕೆ ಐವತ್ತೊಂದು.

ಲೋಟ ಕೈಯಲ್ಲೇ ಉಳಿಯಿತು.
ಚಾಪೆಯಂಚಿಗೆ ಮೂಗು ಊರಿ ಅವನು ಸಣ್ಣಗೆ ನಡುಗುತ್ತಿದ್ದ.
ಬೆರಳಿಗೆ ಜೇನು ಹಚ್ಚಿ ಒಸಡಿಗೆ ಸವರಿದೆ,
ತಿಂಗಳಿಂದ ಸಿಹಿಗೆ ಕಾವಲು ಕೂತವಳು ನಾನೇ.
ಎರಡಕ್ಕೆ ಇನ್ನೂರ ಎಂಬತ್ತು.
ನಾಲ್ಕಕ್ಕೆ ನಾನೂರು ದಾಟಿತ್ತು.

"ಒಂದು ಬೆರಳು ಜೇನಿಗೆ ಇಷ್ಟು ಏರಲ್ಲಮ್ಮ.
ಔಷಧಿ ಜಾಸ್ತಿಯಾಗಿ ತಳ ಮುಟ್ಟಿದ ಮೈ ಹೆದರುತ್ತೆ,
ಕೂಡಿಟ್ಟಿದ್ದನ್ನೆಲ್ಲ ಒಮ್ಮೆಗೇ ಸುರಿಯುತ್ತೆ.
ಇರಬಹುದು. ಇಳಿಸಿ ನೋಡೋಣ."

ಪ್ರತಿ ಬೆಳಿಗ್ಗೆ ಅವನ ಹೆದರಿಕೆಯನ್ನು ಅಳೆದು
ಹಟವೆಂದು ಬರೆದುಕೊಂಡು
ಇನ್ನರ್ಧ ಗೆರೆ ಏರಿಸಿದೆನಲ್ಲ.
ಹೆದರಿದ ಮೈ ಸಿಹಿಯಾಗುತ್ತದೆ.
ಇದನ್ನು ಓದಲು, ಕೆಂಚ, ನನಗೆ ಪಟ್ಟಿ ಬೇಕಿರಲಿಲ್ಲ.

ಸೋಮವಾರ ಸೂಪರ್‌ವೈಸರ್ ಗೇಟಿನಲ್ಲೇ ನಿಲ್ಲಿಸಿದ:
ಭಾನುವಾರ ಯಾಕೆ ಬರಲಿಲ್ಲ?
"ಬೆಕ್ಕು" ಎಂದೆ.
ಸಾರ್ ಎನ್ನುವುದೂ ಮರೆತಿತ್ತು.

ಈಗ ಒಂದೇ ಯೂನಿಟ್.
ಮುನ್ನೂರ ಹತ್ತು, ಇನ್ನೂರ ತೊಂಬತ್ತೈದು,
ಮತ್ತೆ ಮುನ್ನೂರ ಅರವತ್ತು, ಯಾಕೋ,
ಇವತ್ತು ಇನ್ನೂರ ನಲವತ್ತು.
ಇವತ್ತು ಕಿವಿ ಹಿಡಿದಾಗ ಪರಚಿದ,
ಮೊಣಕೈತನಕ ಉದ್ದಕ್ಕೆ.
ಪರಚುವಷ್ಟು ಬಂತು.
ಇದರಲ್ಲಿ ಮುಳ್ಳಿನ ಗೀರು ಯಾವುದು ಎಂದು
ಝರಣಾ ನನ್ನ ಕೈ ತಿರುಗಿಸಿ ನೋಡುತ್ತಿದ್ದಾಳೆ.