ಟಿರಿಕ್ ಕೊಂಡವಳಿಗೆ

ಓಸ್ಲಾ, ಕೀಲಿಕೈ ಕೊಟ್ಟಾಯಿತು, ದುಡ್ಡು ಎಣಿಸಿಯಾಯಿತು,
ಹಾಯಿಯ ಹರಕು, ಇಂಜಿನ್ನಿನ ಗೊರಕೆ
ಯಾವುದನ್ನೂ ಮುಚ್ಚಿಟ್ಟಿಲ್ಲ.
ಒಲೆಯ ವಿಷಯ ಮಾತ್ರ ಬಾಯಲ್ಲಿ ಹೇಳಿದರೆ
ಅರ್ಧ ಮಾತು ಸ್ಕಾಲೊವೇ ಗಾಳಿಯ ಪಾಲು.
ಅದಕ್ಕೇ ಈ ಕಾಗದ.

ಕ್ಯಾಬಿನ್ನಿನ ಮುಂಗೋಡೆಯಲ್ಲಿ ಇದೆಯಲ್ಲ, ಹಿತ್ತಾಳೆಯದು,
ನನಗಿಂತ ಎರಡು ವರ್ಷ ಹಿರಿದು, ಮುಂಗೋಪಿ.
ಸೀಮೆಎಣ್ಣೆಯೇ ಕುಡಿದರೂ ಕೊಳಕು ಎಣ್ಣೆ ಮುಟ್ಟದು.
ಬಟ್ಟೆಯಲ್ಲಿ ಸೋಸು. ಗಾಜಿನ ಶೀಶೆಯಲ್ಲಿ ಒಂದು ರಾತ್ರಿ ನಿಲ್ಲಿಸು.
ತಳದಲ್ಲಿ ನೀರಿನ ಗೋಲಿ ಉರುಳಾಡಿದರೆ
ಅಷ್ಟನ್ನು ಚೆಲ್ಲು, ಕಡಲಿಗಲ್ಲ, ಡಬ್ಬಿಗೆ;
ಸೀಲುಗಳು ನೋಡುತ್ತಿರುತ್ತವೆ.

ಟ್ಯಾಂಕು ಮುಕ್ಕಾಲು ಸಾಕು. ಗಾಳಿಗೂ ಜಾಗ ಬೇಕು.
ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಬೇಡ.
ಹಾಕಿದ್ದಕ್ಕೆ ತೆತ್ತದ್ದು ನನ್ನ ಎಡಹುಬ್ಬು,
ಇನ್ನೂ ಸರಿಯಾಗಿ ಚಿಗುರಿಲ್ಲ.

ಮೊದಲು ಬಟ್ಟಲಿಗೆ ಸ್ಪಿರಿಟ್ಟು, ಕಡ್ಡಿ ಗೀರು.
ಹಗಲಲ್ಲಿ ಆ ಉರಿ ಕಣ್ಣಿಗೆ ಬೀಳದು,
ಅಂಗೈ ಒಡ್ಡಿ ವಿಚಾರಿಸಬೇಕು.
ಕೊಳವೆ ಕಾಯಬೇಕು,
ನೀನೂ ಕಾಯಬೇಕು.
ಅವಸರಪಟ್ಟು ಕವಾಟ ತಿರುಗಿಸಿದೆಯೋ,
ಎಣ್ಣೆ ಆವಿಯಾಗದೆ ಎಣ್ಣೆಯಾಗಿಯೇ ಬಂದು
ಹಳದಿ ನಾಲಗೆ ಚಾಚಿ ಸೂರು ನೆಕ್ಕುತ್ತದೆ.
ಆಗ ಕಿರುಚಬೇಡ, ನೀರು ಎರಚಬೇಡ.
ಕವಾಟ ಮುಚ್ಚು, ಒತ್ತಡ ಬಿಡು, ಬೆಂಕಿ ಕಂಬಳಿ ಕೈಗೆಟುಕಲಿ.
ಪೂರ್ತಿ ಆರಿ ತಣಿಯದೆ
ಬಟ್ಟಲಿಗೆ ಮತ್ತೊಂದು ಹನಿ ಹಾಕಬೇಡ.

ನೆಟ್ಟಗೆ ಹತ್ತಿದರೆ ತಾನೇ ಹೇಳುತ್ತದೆ:
ಭುಸ್ಸೆಂಬ ಒಂದೇ ಸ್ವರ, ನೀಲಿ ಕಿರೀಟ.
ಉಸಿರು ತಡೆತಡೆದು ಬಂದರೆ ರಂಧ್ರಕ್ಕೆ ಪಿನ್ನು
(ಮೇಲಿನ ಡ್ರಾಯರು, ಆಸ್ಪಿರಿನ್ ಡಬ್ಬಿ).
ಪಂಪು ಒತ್ತಿದಷ್ಟೂ ಮೆತ್ತಗಿದ್ದರೆ ಒಳಗಿನ ತೊಗಲಿಗೆ ಎರಡು ಹನಿ ಎಣ್ಣೆ.
ನೈಋತ್ಯದ ಗಾಳಿಗೆ ಚಿಮಣಿ ಒಳಕ್ಕೇ ಉಗುಳುತ್ತದೆ,
ಟೋಪಿ ಅರ್ಧ ಸುತ್ತು ತಿರುಗಿಸು.
ಆಗಲೂ ಉಗುಳಿದರೆ ಒಲೆ ಆರಿಸಿ
ಇನ್ನೊಂದು ಸ್ವೆಟರು ಹಾಕಿಕೋ.

ಇನ್ನು, ಗಾಳಿಗಿಂಡಿಯ ಪಕ್ಕ ಮೊಳೆಗೆ ತೂಗುತ್ತಿರುವ
ಬೂದುಬಣ್ಣದ ಒಂಟಿ ಕಾಲುಚೀಲ. ತೆಗೆಯಬೇಡ.

ಫೆಬ್ರವರಿ. ಪಾಪಾ ದ್ವೀಪದ ಮರೆಯಲ್ಲಿ ಲಂಗರು.
ನಾನು ಮತ್ತು ಭಾವ ಗಿಬ್ಬಿ.
ಗಿಂಡಿಯಿಂದ ಕತ್ತು ಕುಯ್ಯುವ ಥಂಡಿ.
'ಆ ತೂತಿಗೆ ಏನಾದರೂ ತುರುಕೋ ಲೌರಿ' ಅಂದ.
ಅವನದೇ ಕಾಲುಚೀಲ ತುರುಕಿದೆ.
ಬೆಚ್ಚಗಾಯಿತು, ಅಮ್ಮನ ಮಗ್ಗುಲಿನಷ್ಟು.
ನೀಲಿ ಮೆಲ್ಲಗೆ ಹಳದಿಗೆ ಹೊರಳಿದ್ದು ನೋಡಿದೆ,
ಚೆಂದ ಅನ್ನಿಸಿತು.
'ಇಸ್ಪೀಟಿನ ರಾಣಿಗೆ ಎರಡು ತಲೆ' ಎಂದು ಗಿಬ್ಬಿ ನಕ್ಕ,
ನಾನೂ ನಕ್ಕೆ.
ಅವಳಿಗೆ ಯಾವಾಗಲೂ ಎರಡೇ, ಓಸ್ಲಾ.

ಗಿಬ್ಬಿಗೆ ಉಚ್ಚೆಗೆ ಅವಸರವಾಯಿತು, ಪುಣ್ಯ.
ಎದ್ದವನ ಕಾಲು ಅವನ ಮಾತು ಕೇಳಲಿಲ್ಲ,
ಕುಸಿದ ಹೆಗಲು ಬಡಿದು ಬಾಗಿಲು ತೆರೆಯಿತು.
ಆಲಿಕಲ್ಲು ಒಳಗೆ ಬಂತು.
ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ಉಂಡಿಲ್ಲ.
ಬೆಳಗಿನವರೆಗೆ ಡೆಕ್ಕಿನ ಮೇಲೆ ತೆವಳುತ್ತ,
ಕಾರುತ್ತ, ಒಬ್ಬರನ್ನೊಬ್ಬರು ಬೈಯುತ್ತ ಇದ್ದೆವು.

ಆ ಹೊಗೆಗೆ ಬಣ್ಣವಿಲ್ಲ, ವಾಸನೆಯಿಲ್ಲ,
ಹೆದರಿಸುವಷ್ಟು ಮರ್ಯಾದೆಯೂ ಇಲ್ಲ.
ದಿಂಬಿನ ಹತ್ತಿರ ಅಲಾರಂ ಇದೆ,
ವಾರಕ್ಕೊಮ್ಮೆ ಗುಂಡಿ ಒತ್ತಿ ಅರಚಿಸು.
ಅದೊಂದನ್ನೇ ನಂಬಬೇಡ. ಗಿಂಡಿ ತೆರೆದಿರಲಿ,
ಮಲಗುವ ಮುಂಚೆ ಒಲೆ ಆರಲಿ.

ಗಿಬ್ಬಿ ಈಗ ಬರಾದಲ್ಲಿ ಕುರಿ ಸಾಕುತ್ತಾನೆ.
ಜೋಡಿ ಕಾಲುಚೀಲ ಅವನ ಹತ್ತಿರವೇ ಇರಬೇಕು;
ಅವನು ಕೇಳಿಲ್ಲ, ನಾನೂ ಕೊಟ್ಟಿಲ್ಲ.

ಮತ್ತೆ, ಸ್ಪಿರಿಟ್ಟಿನ ಬಾಟಲಿಗೆ ಕೆಂಪು ದಾರ ಸುತ್ತಿದ್ದೇನೆ,
ವಿಸ್ಕಿಯದೂ ಅದೇ ಆಕಾರ.

ಆರಿಸಿದ ಮೇಲೂ ಹಿತ್ತಾಳೆ ಟಿಕ್ಕು ಟಿಕ್ಕು ಅನ್ನುತ್ತದೆ,
ತಣಿಯುವ ಸದ್ದು, ಹೆದರಬೇಡ.
ಅದು ನಿಲ್ಲುವ ತನಕ
ನಾನು ಎಚ್ಚರವಾಗಿರುತ್ತಿದ್ದೆ.