ಒಲೆ ಕಟ್ಟುವವನ ಮಗಳು

ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ಉಲಾನ್-ಉದೆಯ ಟ್ರಾಮು ಹಲ್ಲು ಕಡಿಯುತ್ತ ಹೋಗುವುದು
ಈ ನೆಲಮಾಳಿಗೆಯ ಕಿಟಕಿಗೆ ಮೊದಲು ಗೊತ್ತಾಗುತ್ತದೆ,
ಆಮೇಲೆ ನನಗೆ.

ಆ ಟ್ರಾಮು ಓಡಿಸುವ ಗೊಂಬೊ ಬಂದ,
ರೆಪ್ಪೆಯ ಮೇಲೆ ಮಂಜಿನ ಹರಳು, ಕಂಕುಳಲ್ಲಿ
ಉಣ್ಣೆ ಶಾಲು ಸುತ್ತಿದ ಗ್ರಾಫಿಕ್ಸ್ ಕಾರ್ಡು,
ಜ್ವರದ ಕೂಸನ್ನು ತಂದ ಹಾಗೆ.
‘ತೊಂಬತ್ತಮೂರು ಡಿಗ್ರಿ, ಸೆಸೆಗ್ಮಾ.
ಏರು ಬಂದರೆ ನಿಂತುಬಿಡುತ್ತದೆ.’
ಯಾವ ಏರು?
ನಾಚಿದ. ಹಗಲೆಲ್ಲ ಟ್ರಾಮು ಓಡಿಸಿ ದಣಿದವನು
ರಾತ್ರಿ ಮನೆಯಲ್ಲಿ, ಆಟದೊಳಗೆ,
ಇನ್ನೊಂದು ಟ್ರಾಮು ಓಡಿಸುತ್ತಾನಂತೆ.
ಬಿಸಿಲಿನ ಊರು, ಕಡಲು ಕಾಣುವ ತಿರುವು,
ಚಿಲ್ಲರೆಗೆ ಜಗಳವಾಡದ ಜನ.

‘ಕಿಟಕಿ ತೆಗೆದು ಅದರ ಪಕ್ಕ ಇಟ್ಟು ನೋಡಿದೆ’ ಅಂದ.
ಮುಚ್ಚಿದ ಮೇಲೆ, ತಣ್ಣಗಾದ ಲೋಹದ ಮೈಗೆ
ಕೋಣೆಯ ಉಸಿರೆಲ್ಲ ನೀರಾಗಿ ಕೂತಿತಂತೆ.
ಬೈದೆ.
ಚಳಿಗೇನು, ಕರೆಯದಿದ್ದರೂ ಬರುತ್ತದೆ;
ಒಳಗೆ ಕೂತ ಬಿಸಿಗೆ
ಏಳು ಎಂದರೆ ಎದ್ದು ಹೋಗಲು ದಾರಿ ಬೇಡವೇ?

ಮಾತು ನನ್ನದಲ್ಲ, ಅಪ್ಪನದು.
ಸೆಲೆಂಗಾ ದಂಡೆಯ ಹಳ್ಳಿಗಳಲ್ಲಿ ಇಟ್ಟಿಗೆಯ ಒಲೆ ಕಟ್ಟುತ್ತಿದ್ದ.
ಬೆಂಕಿ ಹಚ್ಚುವ ಮೊದಲು ಒಲೆಯ ಬಾಯಿಗೆ
ಒಂದು ಕೋಳಿಪುಕ್ಕ ಹಿಡಿಯುವನು.
ಅದು ಒಳಕ್ಕೆ ಬಾಗಿದರಷ್ಟೇ ಕೂಲಿ ಕೇಳುವನು.
ಬಾಗದಿದ್ದರೆ ಮತ್ತೆ ಕೆಡವುವನು, ಮನೆಯವರು ಶಪಿಸುತ್ತಿದ್ದರೂ.

ನಾಲ್ಕು ತಿರುಪು, ಅಡ್ಡಡ್ಡ, ಅರ್ಧರ್ಧ ಸುತ್ತು.
ತಗಡು ಕಚ್ಚಿಕೊಂಡಿತ್ತು, ಮೆಲ್ಲಗೆ ತಿರುಚಿದೆ,
ಬಿಟ್ಟಿತು.
ಒಳಗಿನ ಪೇಸ್ಟು ಬಿರಿದ ಸುಣ್ಣ.
ರೆಕ್ಕೆಗಳ ನಡುವೆ ಬೂದು ಬಣ್ಣದ ಕಂಬಳಿಯೊಂದು;
ಚಿಮುಟದಲ್ಲಿ ಎಳೆದರೆ ಇಡಿಯಾಗಿ ಬಂತು.
‘ಬೆಕ್ಕು ಸಾಕಿದ್ದೀಯ?’
‘ಹಾಂ.’
‘ಅರ್ಧ ಇಲ್ಲೇ ಇದೆ.’

ಸ್ಪಿರಿಟ್ಟಿನಲ್ಲಿ ಒರೆಸಿದೆ, ಚಿಪ್ಪಿನಲ್ಲಿ
ನನ್ನ ಮೂಗು ಕಾಣುವವರೆಗೆ.
ನಡುವೆ ಅಗುಳಿನಷ್ಟು ಹೊಸ ಪೇಸ್ಟು.
ಮೆಮೊರಿಯ ಮೇಲೆ ಎರಡು ಮಿಲಿಮೀಟರಿನ ಪ್ಯಾಡು.
ಬಿಗಿದೆ, ಓಡಿಸಿದೆ, ನೋಡಿದೆ:
ಎಂಬತ್ತೊಂಬತ್ತು.

ಗೊಂಬೊ ಏನೂ ಅನ್ನಲಿಲ್ಲ. ಅದೇ ಕಷ್ಟ.

ಮತ್ತೆ ಬಿಚ್ಚಿದೆ. ಪೇಸ್ಟು ಒಂದೇ ಮೂಲೆಗೆ ಅಂಟಿತ್ತು.
ಪ್ಯಾಡು ದಪ್ಪ; ಅದರ ಮೇಲೆ ಕೂತ ತಗಡು
ಚಿಪ್ಪನ್ನು ಮುಟ್ಟಿಯೇ ಇರಲಿಲ್ಲ.
ನಡುವೆ ಕೂದಲೆಳೆಯ ಸಂದು,
ಅಷ್ಟು ಸಾಕು, ಬಿಸಿಗೆ ಅದು ಕಣಿವೆ.
ಒಂದೂವರೆ ಮಿಲಿಮೀಟರಿನದು ಹುಡುಕುತ್ತ
ಮೂರು ಡಬ್ಬಿ ಸುರಿದೆ.
ಅಪ್ಪ ಕೆಡವಿದಾಗ ಶಪಿಸಿದವರಲ್ಲಿ
ನಾನೂ ಒಬ್ಬಳು; ಹಸಿಮಣ್ಣು ಹೊತ್ತವಳು ನಾನೇ ತಾನೆ.

ಎಡಗಡೆಯ ಫ್ಯಾನು ಗೊರಗುಟ್ಟುತ್ತಿತ್ತು,
ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ.
ವೋಲ್ಟೇಜು ತುಸು ಇಳಿಸಿದೆ;
ಹೊಟ್ಟೆ ಬಿರಿಯ ಉಂಡವನೇ ದುಡಿಯುತ್ತಾನೆ ಅಂತೇನಿಲ್ಲ.
ಮೇಜಿನ ಮೇಲಿನ ಕಂಬಳಿಯಿಂದ
ಬೆಕ್ಕಿನ ಒಂದು ಕೂದಲು ಹಿರಿದು
ತಿರುಗುವ ಫ್ಯಾನಿನ ಬಾಯಿಗೆ ಹಿಡಿದೆ.
ಬಾಗಿತು, ಒಳಕ್ಕೆ.

ಅರವತ್ತೇಳು.
ತೆರೆಯ ಮೇಲೆ ಹಳದಿ ಟ್ರಾಮು
ಏರು ಹತ್ತಿ, ತಿರುವಿನಲ್ಲಿ ಕಡಲು ತೋರಿಸಿ
ಇಳಿಯಿತು. ಗೊಂಬೊ ಗಂಟೆ ಬಾರಿಸಿದ,
ಯಾರೂ ಅಡ್ಡ ಬಂದಿರಲಿಲ್ಲ.

ಎಂಟು ದಿನ ಬಿಟ್ಟು ಮತ್ತೆ ಬಂದ.
ಕಾರ್ಡಿಗೇನೂ ಆಗಿಲ್ಲ.
ಆದರೆ ಡಬ್ಬದ ಹಿಂದೆ ಮಲಗುತ್ತಿದ್ದ ಬೆಕ್ಕು
ಒಮ್ಮೆ ಮೂಸಿ, ಎದ್ದು, ಪಕ್ಕದ ಮನೆಗೆ ಹೋಯಿತಂತೆ.
ಅದರ ಮೇಲೆ ಹರವಿದ ಕೈಗವಸು
ಬೆಳಗಾದರೂ ಒಣಗುವುದಿಲ್ಲವಂತೆ.
‘ಸ್ವಲ್ಪ ಕೆಡಿಸಿ ಕೊಡುತ್ತೀಯ?’

ಒದ್ದೆ ಕೈಗವಸು ಇಸಿದುಕೊಂಡು
ನನ್ನ ಮೇಜಿನ ದೀಪದ ಕೆಳಗಿಟ್ಟೆ.
ಚಹಾ ಕುಡಿಯುವಷ್ಟರಲ್ಲಿ ಒಣಗಿತು.